ಅರಿಶಿನ ಕುಂಕುಮಕ್ಕೆ ಬರ್ತಿರು ಅಂದ್ರು, ಸಹಿ ಹಾಕಿ ಬಂದೆ

ನಾಲೆ ಏರಿ · ಭಾನುವಾರ ರಾತ್ರಿ 10:40

ಶುಕ್ರವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಆಸ್ತಿಯಲ್ಲಿ ನನ್ನ ಪಾಲನ್ನ ಅಣ್ಣನಿಗೆ ಬಿಟ್ಟುಕೊಡೋ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿ ಬಂದೆ. ಅಪ್ಪ ಹೋಗಿ ಹದಿನಾಲ್ಕು ತಿಂಗಳಾಯ್ತು. ತಾತನ ಕಾಲದಿಂದ ಬಂದ ಮೂರು ಎಕರೆ ಹತ್ತು ಗುಂಟೆ, ಒಂದು ಹೆಂಚಿನ ಮನೆ. ಮಕ್ಕಳು ನಾವಿಬ್ಬರೇ, ಅಣ್ಣ ಮತ್ತು ನಾನು.

ನನ್ನನ್ನ ಯಾರೂ ಹೆದರಿಸಲಿಲ್ಲ. ಇದನ್ನ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಎಲ್ಲರೂ ಅಣ್ಣನ ಮೇಲೆ ಮುಗಿಬೀಳೋದು ಬೇಡ. ಎರಡು ತಿಂಗಳ ಹಿಂದೆ ಊಟಕ್ಕೆ ಕೂತಾಗ ಅಣ್ಣ, 'ಅಪ್ಪನ ಹೆಸರಿಂದ ಬದಲಾಯಿಸಿ ಪೌತಿ ಖಾತೆ ಮಾಡಿಸ್ಬೇಕು ಕಣವ್ವ, ಪಹಣಿ ನನ್ನೊಬ್ಬನ ಹೆಸರಲ್ಲಿದ್ರೆ ಬ್ಯಾಂಕ್ ಸಾಲಕ್ಕೆ ಸಲೀಸು' ಅಂದ. ಅಮ್ಮ ಸಾರು ಬಿಡ್ತಾ, 'ಅವಳೇನು ಬ್ಯಾಡ ಅಂತಾಳಾ' ಅಂದ್ರು. ಅಷ್ಟೇ ಮಾತು. ನಾನು ಮುದ್ದೆ ಮುರೀತಾ ಇದ್ದೆ.

ಆಫೀಸಲ್ಲಿ ಪತ್ರ ಕೈಗೆ ಕೊಟ್ಟರು. 'ಸ್ವಸಂತೋಷದಿಂದ, ಯಾರ ಒತ್ತಾಯವೂ ಪ್ರೇರಣೆಯೂ ಇಲ್ಲದೆ, ಅರಿಶಿನ ಕುಂಕುಮದ ಬಾಬ್ತು ಐವತ್ತು ಸಾವಿರ ರೂಪಾಯಿ ಪಡೆದು...' ಕ್ಯಾಮೆರಾ ಮುಂದೆ ಕೂರಿಸಿದ್ರು, ಹೆಬ್ಬೆಟ್ಟು ಒತ್ತಿಸಿದ್ರು. ಅಧಿಕಾರಿ ತಲೆ ಎತ್ತದೆ, 'ಒಪ್ಪಿ ಬರ್ಕೊಡ್ತಿದೀರೇನಮ್ಮ?' ಅಂತ ಕೇಳಿದ್ರು. ನಾನು ಬಾಯಿ ತೆಗೆಯೋ ಮೊದಲೇ ಹಿಂದಿನ ಬೆಂಚಿಂದ ಅಮ್ಮ 'ಹೂಂ ಸ್ವಾಮಿ' ಅಂದ್ರು.

ಆಮೇಲೆ ಹೋಟ್ಲಲ್ಲಿ ಮಸಾಲೆ ದೋಸೆ. ಅತ್ತಿಗೆ ಹೂವು ಮುಡಿಸಿ, ಸೀರೆ ಕೊಟ್ಟು, ಮಡಿಲು ತುಂಬಿ ಕಳಿಸಿದ್ರು. 'ಗೌರಿ ಹಬ್ಬಕ್ಕೆ ತಪ್ಪಿಸ್ಬೇಡ, ಅರಿಶಿನ ಕುಂಕುಮಕ್ಕೆ ಬರ್ತಿರು' ಅಂದ್ರು ಅಮ್ಮ.

ನಾನು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳ್ಕೊಡ್ತೀನಿ. ಮಾರ್ಚ್ 8ರ ಮಹಿಳಾ ದಿನಕ್ಕೆ, ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟ 2005ರ ತಿದ್ದುಪಡಿ ಬಗ್ಗೆ ಮೈಕ್ ಹಿಡಿದು ಮಾತಾಡಿದೀನಿ. ಹಾಗಾಗಿ ನನ್ನ ಪ್ರಶ್ನೆ ಕಾನೂನಿನ ಬಗ್ಗೆ ಅಲ್ಲ. ಎಲ್ಲ ಗೊತ್ತಿದ್ದೂ ಪೆನ್ನು ಹಿಡಿದ ಕೈ ಯಾಕೆ ನಿಲ್ಲಲಿಲ್ಲ? ಬೇರೆ ಯಾರಿಗಾದ್ರೂ ಹಿಂಗಾಗಿದ್ಯಾ?

ಕರಿಮಣ್ಣು · ಭಾನುವಾರ ರಾತ್ರಿ 11:05

ಅಕ್ಕಾ, ನಾ ಸಹಿ ಹಾಕಲಿಲ್ರಿ. ಅದರ ಕಥಿ ಹೇಳ್ತೀನಿ ಕೇಳ್ರಿ.

ನಮ್ಮದು ಗದಗ ಕಡೆ. ಹತ್ತಿ, ಮೆಣಸಿನಕಾಯಿ ಬೆಳಿಯೂ ಎರಿ ಹೊಲ. ಅಪ್ಪ ತೀರಿಕೊಂಡ ಮ್ಯಾಲೆ ನನಗೂ ಪಾಲು ಬೇಕು ಅಂದೆ. ತಮ್ಮ ಒಂದ್ ಮಾತೂ ಆಡಲಿಲ್ಲ, ಎದ್ದು ಹೋದ. ಕೋರ್ಟಿಗೆ ಹೋಗೀನಿ, ಇನ್ನೂ ನಡದೈತಿ. ಅದಲ್ಲ ಸಂಕಟ. ನಮ್ಮ ಕಡೆ ನಾಗರ ಪಂಚಮಿ ಅಂದ್ರ ಹೆಣ್ಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರಕೊಂಡು ಹೋಗಬೇಕು, ಜೋಕಾಲಿ ಕಟ್ಟಬೇಕು, ಉಂಡಿ ತಿನ್ನಬೇಕು. ಆರು ಪಂಚಮಿ ಆತು, ಯಾರೂ ಕರಿಯಾಕ ಬಂದಿಲ್ಲ. ಓಣ್ಯಾಗ ಎಲ್ಲಾರ ಮನಿ ಮುಂದ ಗಾಡಿ ಬಂದು ನಿಂತಾಗ ನಾ ಬಾಗಿಲಾ ಮುಂದ ಮಾಡಿಕೊಂಡು ಒಳಗ ಕುಂದರ್ತೀನಿ. ಮಗಳು ಕೇಳ್ತಾಳ, 'ನಿನ್ನ ತವರಮನಿ ಯಾವೂರು ಅವ್ವಾ?' ಅಂತ.

ನೀವು ಕೈ ಯಾಕ ನಿಲ್ಲಲಿಲ್ಲ ಅಂತ ಕೇಳ್ತೀರಿ. ನಿಂತ ಕೈಗೆ ಏನು ಸಿಗತೈತಿ ಅಂತ ನಿಮ್ಮ ಕೈಗೆ ಗೊತ್ತಿತ್ತು.

ತಾಲೂಕು ಕೋರ್ಟು · ಸೋಮವಾರ ಬೆಳಿಗ್ಗೆ 7:15

ವಕೀಲಿಕೆ ಮಾಡ್ತೀನಿ, ಹತ್ತೊಂಬತ್ತು ವರ್ಷ. ಮೇಡಂಗೆ ಕಾನೂನು ಗೊತ್ತಿದ್ರೂ ಓದ್ತಾ ಇರೋ ಬೇರೆಯವರಿಗೋಸ್ಕರ ಬರೀತೀನಿ.

ಅಪ್ಪ ತಾನೇ ದುಡಿದು ಮಾಡಿದ ಸ್ವಯಾರ್ಜಿತ ಆಸ್ತಿ ಬೇರೆ, ತಲೆಮಾರಿನಿಂದ ಬಂದ ಪಿತ್ರಾರ್ಜಿತ ಬೇರೆ. ಸ್ವಯಾರ್ಜಿತಕ್ಕೆ ಅಪ್ಪ ಉಯಿಲು ಬರೆಯದೆ ಹೋದರೆ ಮಗ, ಮಗಳು, ಹೆಂಡತಿ, ಅಪ್ಪನ ತಾಯಿ ಎಲ್ಲರಿಗೂ ಸಮ. ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಇದೆ. ಜನ ಇದೂ 2005ರಲ್ಲಿ ಬಂತು ಅಂದ್ಕೊಂಡಿದಾರೆ.

ಪಿತ್ರಾರ್ಜಿತದಲ್ಲಿ ಹಳೇ ಲೆಕ್ಕ ಹೀಗಿತ್ತು. ತಾಯಿ ಇಲ್ಲದ ಮನೆ, ಆರು ಎಕರೆ, ಒಬ್ಬ ಮಗ, ಒಬ್ಬಳು ಮಗಳು ಅಂತಿಟ್ಕೊಳ್ಳಿ. ಮಗ ಹುಟ್ಟಿನಿಂದಲೇ ಅಪ್ಪನ ಜೊತೆ ಪಾಲುದಾರ. ಅಪ್ಪನಿಗೆ ಮೂರು, ಮಗನಿಗೆ ಮೂರು. ಅಪ್ಪ ಸತ್ತಾಗ ಅಪ್ಪನ ಮೂರನ್ನ ಮಾತ್ರ ಇಬ್ಬರಿಗೂ ಹಂಚೋದು. ಮಗನಿಗೆ ನಾಲ್ಕೂವರೆ, ಮಗಳಿಗೆ ಒಂದೂವರೆ. ಈಗ ಮಗಳೂ ಹುಟ್ಟಿನಿಂದಲೇ ಪಾಲುದಾರಳು. ಮೂರು ಮೂರು.

ಕರ್ನಾಟಕ ಈ ಬದಲಾವಣೆಯನ್ನ ಕೇಂದ್ರಕ್ಕಿಂತ ಮುಂಚೆ, 1994ರ ಜುಲೈ 30ರಿಂದಲೇ ತಂತು. ಆದರೆ ಅದರಲ್ಲೊಂದು ಕೊಕ್ಕೆ ಇತ್ತು. ಆ ದಿನಕ್ಕೆ ಮುಂಚೆ ಮದುವೆ ಆದವರಿಗೆ ಇಲ್ಲ. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಆ ಮದುವೆ ಷರತ್ತನ್ನ ಕಿತ್ತುಹಾಕಿತು. ಆಮೇಲೆ ಹುಟ್ಟಿದ್ದು 'ಅಪ್ಪ ಆ ದಿನ ಬದುಕಿರಬೇಕಾ' ಅನ್ನೋ ತಕರಾರು. 2015ರಲ್ಲಿ ಸುಪ್ರೀಂ ಕೋರ್ಟ್ ಬದುಕಿರಬೇಕು ಅಂತು, 2018ರಲ್ಲಿ ಅಪ್ಪ 2001ರಲ್ಲೇ ತೀರಿಕೊಂಡಿದ್ದ ಹೆಣ್ಣುಮಕ್ಕಳಿಗೂ ಪಾಲು ಕೊಡ್ತು. ಎರಡೂ ನಮ್ಮ ಕರ್ನಾಟಕದಿಂದಲೇ ಹೋದ ಮೊಕದ್ದಮೆಗಳು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಹಕ್ಕು ಹುಟ್ಟಿನಿಂದ ಬರೋದು, ಅಪ್ಪ ಬದುಕಿದ್ನೋ ಇಲ್ವೋ ಅನ್ನೋ ಪ್ರಶ್ನೆಯೇ ಬೇಡ ಅಂತ ತೀರ್ಮಾನಿಸ್ತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಆಗಿಹೋದ ವಿಭಾಗಗಳನ್ನ ಮಾತ್ರ ಕೆದಕೋ ಹಾಗಿಲ್ಲ.

ಇಷ್ಟೆಲ್ಲ ಹೋರಾಡಿ ಬಂದ ಹಕ್ಕು ಒಂದು ಖುಲಾಸೆ ಪತ್ರದಲ್ಲಿ ಹೋಗುತ್ತೆ. ನೋಂದಣಿ ಆದಮೇಲೆ ರದ್ದು ಮಾಡಿಸೋದು ಕಷ್ಟ. ಮೋಸ, ಬಲವಂತ ಅಂತ ಸಾಬೀತು ಮಾಡ್ಬೇಕು, ಅದೂ ವಿಷಯ ಗೊತ್ತಾಗಿ 3 ವರ್ಷದೊಳಗೆ ದಾವೆ ಹೂಡ್ಬೇಕು. ಅಮ್ಮ 'ಹೂಂ' ಅಂದಿದ್ದನ್ನ ಯಾವ ಕೋರ್ಟೂ ಬಲವಂತ ಅನ್ನಲ್ಲ ಮೇಡಂ.

ಒಬ್ಬ ಅಣ್ಣ · ಸೋಮವಾರ ಬೆಳಿಗ್ಗೆ 9:30

ಇಷ್ಟೊತ್ತೂ ಸುಮ್ಮನೆ ಓದ್ತಾ ಇದ್ದೆ. ಇಂಥ ಮಾತು ಬಂದಾಗೆಲ್ಲ ಪಿತೃಪ್ರಧಾನ, ಅಂದ್ರೆ ಗಂಡಸರದ್ದೇ ಯಜಮಾನಿಕೆ, ಅಂತ ಒಂದು ಪದ ಸಿಕ್ಕಿದೆ ನಿಮಗೆ. ನನ್ನ ತಂಗಿ ಮದುವೆಗೆ ಮಾಡಿದ ಸಾಲ ತೀರಿಸೋಕೆ ನನಗೆ ಒಂಬತ್ತು ವರ್ಷ ಹಿಡೀತು. ಚಿನ್ನ ಹಾಕಿದ್ದು, ಬಾಣಂತನ ಮಾಡಿದ್ದು, ವರ್ಷವರ್ಷ ಬಾಗಿನ, ಇದೆಲ್ಲ ಲೆಕ್ಕ ಇಲ್ವಾ? ಅಪ್ಪಂಗೆ ಡಯಾಲಿಸಿಸ್ ಅಂತ ವಾರಕ್ಕೆರಡು ಸಲ ಮೈಸೂರಿಗೆ ಕರ್ಕೊಂಡು ಹೋಗಿದ್ದು ಯಾರು? ಎರಡು ಎಕರೆಯಲ್ಲಿ ಮೂವರಿಗೆ ಪಾಲು ಹಾಕಿದ್ರೆ ಟ್ರ್ಯಾಕ್ಟರ್ ತಿರುಗಿಸೋಕೂ ಜಾಗ ಇರಲ್ಲ. ತಂಗಿ ನೋವು ನನಗೂ ಅರ್ಥ ಆಗುತ್ತೆ, ನಾನು ಕೆಟ್ಟವನಲ್ಲ.

ಹಿತ್ತಲ ಬಾಗಿಲು · ಸೋಮವಾರ ಬೆಳಿಗ್ಗೆ 10:12

ಅಣ್ಣಾವ್ರೇ, ನಿಮ್ಮ ಮಾತಲ್ಲಿ ಒಬ್ಬರು ಕಾಣಿಸಲೇ ಇಲ್ಲ. ವಾರಕ್ಕೆರಡು ದಿನ ನೀವು ಕಾರು ಓಡಿಸಿದ್ರಿ, ಸರಿ. ಮಿಕ್ಕ ಐದು ದಿನ ಆ ಮುದುಕರ ಬೆಡ್‌ಪ್ಯಾನ್ ತೊಳೆದವರು, ಉಪ್ಪಿಲ್ಲದ ಗಂಜಿ ಬೇರೆ ಮಾಡಿದವರು ಯಾರು?

ನಾನೂ ಒಂದು ಮನೆಯ ಅತ್ತಿಗೆ. ಅಂದ್ರೆ ಈ ಕಥೆಗಳಲ್ಲೆಲ್ಲ ವಿಲನ್. ಮಾವನ್ನ ಏಳು ವರ್ಷ ನೋಡ್ಕೊಂಡೆ. ನೋಡ್ಕೊಂಡಿದ್ದಕ್ಕೆ ಪಾಲು ಅಂತಾದ್ರೆ ಪಹಣಿಯಲ್ಲಿ ನನ್ನ ಹೆಸರಿರ್ಬೇಕಿತ್ತು. ಇರೋದು ನನ್ನ ಗಂಡನ ಹೆಸರು. ನನ್ನ ತವರಲ್ಲಿ ನಾನು ಸಹಿ ಹಾಕಿ ಕೊಟ್ಟು ಬಂದೆ, ಇಲ್ಲಿ ನಾದಿನಿ ನಮಗೆ ಸಹಿ ಹಾಕಿ ಕೊಟ್ಟು ಹೋದಳು. ಎರಡೂ ಕಡೆ ಕೊಟ್ಟವರು ಹೆಣ್ಣುಮಕ್ಕಳು, ತಗೊಂಡವರು ಗಂಡಸರು. ಆದ್ರೂ ಊರಲ್ಲಿ ಬಾಯಿಗೆ ಬಂದಿದ್ದು 'ಅತ್ತಿಗೆ ಬಂದಮೇಲೆ ಮನೆ ಒಡೀತು' ಅನ್ನೋ ಮಾತು.

ತಾಲೂಕು ಕೋರ್ಟು · ಸೋಮವಾರ ಬೆಳಿಗ್ಗೆ 10:40

ಒಬ್ಬ ಅಣ್ಣ ಅವರೇ, ನಿಮ್ಮ ಸಾಲದ ನೋವು ನಿಜ. ಆದರೆ ಮದುವೆಗೆ ಕೊಟ್ಟ ಚಿನ್ನ, ಹಣ ಹೋಗಿದ್ದು ಹೆಚ್ಚಾಗಿ ಗಂಡನ ಮನೆಗೆ, ಅವಳ ಹೆಸರಿಗಲ್ಲ. 1961ರಿಂದ ವರದಕ್ಷಿಣೆ ಅಪರಾಧ. ಅಪರಾಧವನ್ನ ಪಾಲಿನ ಲೆಕ್ಕಕ್ಕೆ ಜಮಾ ಮಾಡೋದು ಹೇಗೆ? ಇನ್ನೊಂದು, 2005ರ ತಿದ್ದುಪಡಿ ಮಗಳಿಗೆ ಹಕ್ಕು ಕೊಟ್ಟ ಕಲಮಿನಲ್ಲೇ ಹೊಣೆಯನ್ನೂ ಮಗನಷ್ಟೇ ಹೊರಿಸಿದೆ. ಅಪ್ಪ ಅಮ್ಮನ ಪೋಷಣೆಗಿರೋ 2007ರ ಕಾಯ್ದೆಯಲ್ಲೂ ಮಕ್ಕಳು ಅಂದ್ರೆ ಮಗಳೂ ಸೇರಿ. ನಿಮ್ಮ ತಂಗಿಗೆ ಅವಳ ಪಾಲು ಕೊಟ್ಟು ಡಯಾಲಿಸಿಸ್ ಖರ್ಚಲ್ಲೂ ಅವಳ ಪಾಲು ಕೇಳಬಹುದಿತ್ತು. ಯಾರೂ ಆ ದಾರಿ ಹಿಡಿಯಲ್ಲ. ಖರ್ಚು ಕೇಳಿದ್ರೆ ಪಾಲೂ ಕೇಳ್ತಾಳೆ ಅನ್ನೋ ಭಯ.

ಒಬ್ಬ ಅಣ್ಣ · ಸೋಮವಾರ ಬೆಳಿಗ್ಗೆ 11:02

ಭಯ ಅಲ್ಲ ಸರ್. ಕೇಳೋಕೆ ನಾಚಿಕೆ. ತಂಗಿ ಹತ್ರ ದುಡ್ಡು ಕೇಳೋ ಗಂಡಸು ಅಂತಾರೆ.

ತಾಲೂಕು ಕೋರ್ಟು · ಸೋಮವಾರ ಬೆಳಿಗ್ಗೆ 11:06

ಸರ್ ಅಲ್ಲ, ಮೇಡಂ. ಪರವಾಗಿಲ್ಲ, ಕೋರ್ಟಲ್ಲೂ ಹಾಗೇ ಆಗುತ್ತೆ.

ಪಡುವಣ ಗಾಳಿ · ಸೋಮವಾರ ಮಧ್ಯಾಹ್ನ 1:20

ಅಲ್ಲ ಮಾರಾಯ್ರೆ, ನೀವು ಇಷ್ಟೆಲ್ಲ ಹೇಳುವಾಗ ನಮ್ಮ ಊರಿನ ಅಳಿಯಸಂತಾನದ ಬಗ್ಗೆ ಯಾರೂ ಹೇಳ್ಲಿಲ್ವಲ್ಲ. ಉಡುಪಿ, ಮಂಗಳೂರು ಕಡೆ ಬಂಟರಲ್ಲಿ, ಬಿಲ್ಲವರಲ್ಲಿ, ಇನ್ನೂ ಕೆಲವರಲ್ಲಿ ಆಸ್ತಿ ಹೆಣ್ಣಿನ ವಂಶದಲ್ಲಿ ಇಳಿಯುತ್ತಿತ್ತು. ಮಕ್ಕಳು ತಾಯಿ ಮನೆಯವರು. ಮಗಳಿಗೆ ತವರು ಅಂದರೆ ಬಂದು ಹೋಗುವ ಮನೆ ಅಲ್ಲ, ಅವಳದ್ದೇ ಮನೆ. ಗಂಡ ಸರಿ ಇಲ್ಲದಿದ್ದರೆ ಮಕ್ಕಳನ್ನು ಕರೆದುಕೊಂಡು ತರವಾಡು ಮನೆಗೆ ಬಂದು ಕೂತರೆ 'ಯಾಕೆ ಬಂದೆ' ಅಂತ ಕೇಳುವವರಿಲ್ಲ.

ಹಾಗಂತ ಅದನ್ನು ಸ್ವರ್ಗ ಅಂತ ನಾನು ಹೇಳುವುದಿಲ್ಲ. ಕಾಗದದಲ್ಲಿ ಹೆಣ್ಣಿನ ಆಸ್ತಿ, ಯಜಮಾನಿಕೆ ಹೆಚ್ಚಾಗಿ ಸೋದರಮಾವನದ್ದು. ಗೇಣಿ ಅಕ್ಕಿ ಎಷ್ಟು ಬಂತು, ಯಾರ ಮದುವೆ ಯಾವಾಗ, ಎಲ್ಲ ಅವರೇ. ನನ್ನ ಅಜ್ಜಿ ಹೇಳ್ತಿದ್ರು, 'ಮನೆ ನನ್ನದು, ಬೀಗದ ಕೈ ಅಣ್ಣನದ್ದು' ಅಂತ. 1949ರ ಮದರಾಸು ಅಳಿಯಸಂತಾನ ಕಾಯ್ದೆಯಲ್ಲಿ ಪಾಲು ಕೇಳುವ ಹಕ್ಕು ಬಂತು, 1956ರ ನಂತರ ನಿಧಾನಕ್ಕೆ ಎಲ್ಲರ ಹಾಗೇ ಆಯ್ತು. ಈಗ ನಮ್ಮಲ್ಲೂ ಹುಡುಗನ ಕಡೆಯವರು ಚಿನ್ನ ಎಷ್ಟು ಅಂತ ಕೇಳ್ತಾರೆ. ಅಜ್ಜಿ ಇದ್ದಿದ್ದರೆ ಪೊರಕೆ ತೆಗೀತಿದ್ರು.

ಚಾವಡಿ ಕಟ್ಟೆ · ಸೋಮವಾರ ಸಂಜೆ 6:45

ಕಂದಾಯ ಇಲಾಖೆಯಲ್ಲಿ ಇದ್ದು ನಿವೃತ್ತನಾದವನು. ಒಂದು ವಿಷಯ ಹೇಳ್ತೀನಿ, ಬೈಬೇಡಿ.

ಸಹಿ ಹಾಕಿಸ್ಕೊಳ್ಳೋ ಅಣ್ಣ ಎಷ್ಟೋ ವಾಸಿ. ನಾನು ನೋಡಿದ ಎಷ್ಟೋ ಖಾತೆ ಅರ್ಜಿಗಳಲ್ಲಿ ಸಹಿ ತನಕ ಹೋಗೋದೇ ಇಲ್ಲ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೇ ಇರಲ್ಲ. ನೋಟರಿ ಮಾಡ್ಸಿ ತಂದ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು, ಕೆಳಗೆ ಗೆರೆ ಎಳೆದು ಮೂರು ಗಂಡುಮಕ್ಕಳು. 'ಹೆಣ್ಣುಮಕ್ಕಳಿಲ್ವೇನಪ್ಪ?' ಅಂದ್ರೆ, 'ಇದಾರೆ ಸಾರ್, ಮದುವೆ ಮಾಡಿ ಕೊಟ್ಟಾಯ್ತಲ್ಲ' ಅಂತಾರೆ. ಸುಳ್ಳು ಹೇಳ್ತಿದೀನಿ ಅಂತ ಅವರಿಗೆ ಅನ್ನಿಸೋದೂ ಇಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನೋದು ಅಷ್ಟು ಸಹಜ ಅವರಿಗೆ. ನೋಟಿಸ್ ಚಾವಡಿ ಗೋಡೆಗೆ ಅಂಟಿಸ್ತೀವಿ. ಬೇರೆ ತಾಲೂಕಲ್ಲಿರೋ ಮಗಳು ಅದನ್ನ ಯಾವಾಗ ಓದ್ಬೇಕು?

ಖಾತೆ ಬದಲಾದ ಮಾತ್ರಕ್ಕೆ ಹಕ್ಕು ಹೋಗಲ್ಲ, ಅದು ಕಂದಾಯದ ದಾಖಲೆ ಅಷ್ಟೇ. ಆದರೆ ಖಾತೆ ಇದ್ದವನು ಮಾರ್ತಾನೆ. ಕೊಂಡವನು ಕಟ್ತಾನೆ. ಆಮೇಲೆ ಹೋರಾಡೋಕೆ ಯಾರಿಗೆ ಆಯಸ್ಸಿದೆ. ನಾನೂ ಅಂಥ ಎಷ್ಟೋ ಅರ್ಜಿಗಳನ್ನ ಮುಂದಕ್ಕೆ ಕಳಿಸಿದೀನಿ. ಕೇಳಿದ್ದು ಕಡಿಮೆ.

ರಮ್ಜಾನ್ ಚಂದ್ರ · ಸೋಮವಾರ ರಾತ್ರಿ 8:30

ನಮ್ಮಲ್ಲಿ ಷರೀಯತ್ ಪ್ರಕಾರ ಮಗನಿಗೆ ಎರಡು ಪಾಲಾದ್ರೆ ಮಗಳಿಗೆ ಒಂದು. ಅರ್ಧ ಯಾಕೆ ಅನ್ನೋ ಜಗಳ ಬೇರೆ, ಅದನ್ನ ನಾನೂ ಆಡ್ತೀನಿ. ಆದ್ರೆ ಆ ಅರ್ಧವಾದ್ರೂ ನೂರಾರು ವರ್ಷದಿಂದ ಬರೆದಿಟ್ಟಿರೋದು, ಕೊಡೋರು ಎಷ್ಟು ಜನ? ನನ್ನ ಖಾಲಾ, ಅಂದ್ರೆ ಅಮ್ಮನ ಸೋದರಿ, 'ಮಾಫ್ ಮಾಡಿದೆ' ಅಂತ ಮಾಮನಿಗೆ ಬಿಟ್ಟುಕೊಟ್ಟರು. ನಿಮ್ಮಲ್ಲಿ ಅರಿಶಿನ ಕುಂಕುಮ, ನಮ್ಮಲ್ಲಿ ಮಾಫಿ. ಕಾನೂನು ಬೇರೆಬೇರೆ, ಬಿರಿಯಾನಿ ತಿನ್ನಿಸಿ ಕಳಿಸೋದು ಒಂದೇ. ನಿಮ್ಮದು ಮಸಾಲೆ ದೋಸೆ ಅಂದ್ರಲ್ಲ, ಅದನ್ನೋದಿ ನಗು ಬಂತು, ತಪ್ಪು ತಿಳ್ಕೋಬೇಡಿ.

ಹಳೇ ಪತ್ರಿಕೆ · ಸೋಮವಾರ ರಾತ್ರಿ 9:50

ಸ್ವಲ್ಪ ಹಿಂದಿನ ಮಾತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ಕಾಯ್ದೆ ಮಾಡಿ, ಮನೆ ಪಾಲಾಗುವಾಗ ವಿಧವೆಯರಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಭಾಗ ಇಟ್ಟಿತ್ತು. ಬ್ರಿಟಿಷ್ ಇಂಡಿಯಾಕ್ಕಿಂತ ಮುಂದೆ. ಆದರೆ ನೋಡಿ, ಅಲ್ಲೂ ಮದುವೆಯಾದವಳು ಹೊರಗೆ. 1994ರ ಕಾಯ್ದೆಯಲ್ಲೂ ಅದೇ ಗೆರೆ. ಅಂಬೇಡ್ಕರ್ ಹಿಂದೂ ಕೋಡ್ ಬಿಲ್ ಹಿಂದೆ ಬಿದ್ದು, ಅದು ಮುಂದೆ ಸಾಗದೆ 1951ರಲ್ಲಿ ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟರು. ಐದು ವರ್ಷದ ಮೇಲೆ ಬಂದ ಉತ್ತರಾಧಿಕಾರ ಕಾಯ್ದೆ ಮಗಳನ್ನ ವಾರಸುದಾರಳು ಮಾಡಿತು, ಹುಟ್ಟಿನ ಪಾಲುದಾರಳು ಮಾಡಲಿಲ್ಲ. ಅದಕ್ಕೆ ಇನ್ನೂ 49 ವರ್ಷ ಬೇಕಾಯ್ತು. ವಿರೋಧಿಸಿದವರು ಮತ್ತೆ ಮತ್ತೆ ಆಡಿದ ಮಾತು ಒಂದು, ಅಣ್ಣ ತಂಗಿ ಪ್ರೀತಿ ಹಾಳಾಗುತ್ತೆ ಅಂತ. ಪಾಲಾಗುವಾಗ ಅಣ್ಣ ತಮ್ಮಂದಿರು ಮಚ್ಚು ಹಿಡಿದರೂ ಅಣ್ಣ ತಮ್ಮಂದಿರ ಪ್ರೀತಿ ಉಳಿಸೋಕೆ ಒಬ್ಬನ ಪಾಲು ತೆಗೀಬೇಕು ಅಂತ ಯಾರೂ ಹೇಳಿಲ್ಲ.

ಹಿತ್ತಲ ಬಾಗಿಲು · ಸೋಮವಾರ ರಾತ್ರಿ 10:25

ನಾಲೆ ಏರಿ ಅವರ ಪ್ರಶ್ನೆಗೆ ವಾಪಸ್ ಬರೋಣ. ಕೈ ಯಾಕೆ ನಿಲ್ಲಲಿಲ್ಲ ಅಂತ.

ನನ್ನ ಯೋಚನೆ ಇದು. ನಮಗೆ ಮದುವೆ ಆದಮೇಲೆ ಗಂಡನ ಮನೆ 'ನಮ್ಮ ಮನೆ' ಅಂತ ಹೇಳ್ಕೊಡ್ತಾರೆ, ಆದ್ರೆ ಅಲ್ಲಿಂದ ಯಾವತ್ತು 'ಹೊರಡು' ಅಂತಾರೋ ಗೊತ್ತಿಲ್ಲ. ಅಂಥ ದಿನಕ್ಕೆ ಅಂತ ಇರೋದು ತವರು ಒಂದೇ. ನನ್ನ ಗಂಡ ಒಂದು ಸಲ ಕೈ ಎತ್ತಿದಾಗ ರಾತ್ರಿ ಹನ್ನೊಂದಕ್ಕೆ ಬಸ್ ಹತ್ತಿ ಹೋಗಿದ್ದು ಅಣ್ಣನ ಮನೆಗೇ. ಅಣ್ಣ ಏನೂ ಕೇಳಲಿಲ್ಲ, ಚಾಪೆ ಹಾಸಿದ. ಆಮೇಲೆ ನಾಲ್ಕು ವರ್ಷಕ್ಕೆ ಸಹಿ ಹಾಕ್ಬೇಕಾದಾಗ ಆ ಚಾಪೆ ಕಣ್ಮುಂದೆ ಬಂತು. ಇನ್ನೊಂದು ರಾತ್ರಿ ಬಂದ್ರೆ ಅನ್ನೋ ಯೋಚನೆ. ವಿಮೆ ಕಂತು ಕಟ್ಟಿದ ಹಾಗೆ ಸಹಿ ಹಾಕಿದೆ.

ತಮಾಷೆ ಅಂದ್ರೆ ತವರಲ್ಲಿ ಬಿಟ್ಟುಕೊಟ್ಟ ಆ ಒಂದೂಕಾಲು ಎಕರೆ ನನ್ನ ಹೆಸರಲ್ಲೇ ಇದ್ದಿದ್ರೆ ಅಷ್ಟು ವಿಮೆ ಬೇಕಾಗಿರಲಿಲ್ಲ. ಕೈ ಎತ್ತೋ ಮೊದಲು ಅವರೂ ಎರಡು ಸಲ ಯೋಚನೆ ಮಾಡ್ತಿದ್ರೇನೋ.

ಕರಿಮಣ್ಣು · ಸೋಮವಾರ ರಾತ್ರಿ 10:58

ಖರೇ ಮಾತು ಹೇಳಿದ್ರಿ ಅತ್ತಿಗಿ. ನಾ ಪಾಲು ಕೇಳಿದ್ದು ರೊಕ್ಕಕ್ಕಲ್ಲ, ಚಾಪಿ ಬೇಡೂದು ಬ್ಯಾಡ ಅಂತ.

ನಾಲೆ ಏರಿ · ಮಂಗಳವಾರ ರಾತ್ರಿ 9:15

ಎಲ್ಲವನ್ನೂ ಓದಿದೆ. ಕೆಲವನ್ನ ಎರಡೆರಡು ಸಲ.

ನಿನ್ನೆ ಅಮ್ಮನಿಗೆ ಫೋನ್ ಮಾಡಿ, 'ಅವತ್ತು ನೀನ್ಯಾಕೆ ಹೂಂ ಅಂದೆ' ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ನಾನು ಕೇಳದೇ ಇದ್ದ ಕಥೆ ಹೇಳಿದ್ರು. ಅಮ್ಮನ ಮದುವೆ ಆಗಿದ್ದು 1978ರಲ್ಲಿ. 94ರ ಕಾಯ್ದೆ ಬಂದಾಗ ಅವರ ಸಹಿ ಯಾರಿಗೂ ಬೇಕಾಗಿರಲಿಲ್ಲ. 2005 ಆದಮೇಲೆ ಯಾರೋ ಹೇಳಿಕೊಟ್ಟು, ಸೋದರಮಾವ ಒಂದು ಚೀಲ ಬಾದಾಮಿ ಮಾವಿನಹಣ್ಣು ಹಿಡ್ಕೊಂಡು ಮನೆಗೆ ಬಂದ್ರಂತೆ. ನನಗೆ ಆ ಹಣ್ಣು ನೆನಪಿದೆ! ಅಷ್ಟು ಹಣ್ಣು ಯಾವತ್ತೂ ನೋಡಿರಲಿಲ್ಲ ನಾವು. ಮಾರನೇ ದಿನ ಅಮ್ಮ ಹೋಗಿ ಸಹಿ ಹಾಕಿ ಬಂದ್ರು. 'ನಿಮ್ಮಪ್ಪ ಬೇಡ ಅಂದಿದ್ರು ಕಣೆ, ನಾನೇ ಹಾಕ್ದೆ. ನೀನು ಬೇಡ ಅಂದುಬಿಟ್ಟಿದ್ರೆ ಅವತ್ತು ನಾನು ಮಾಡಿದ್ದು ದಡ್ಡತನ ಆಗೋದಲ್ಲ' ಅಂದ್ರು. ಇಬ್ಬರೂ ಅತ್ತೆವು. ಅಣ್ಣನ ಮೇಲೆ ನನಗೆ ಇವತ್ತಿಗೂ ಸಿಟ್ಟು ಬರ್ತಿಲ್ಲ, ಅದೇ ವಿಚಿತ್ರ.

ಇಲ್ಲೀತನಕ ನಿಮಗೆ ಹೇಳದೇ ಇದ್ದ ಒಂದು ವಿಷಯ ಇದೆ. ಮುಂದಿನ ಬುಧವಾರ ನನ್ನ ನಾದಿನಿ ಬರ್ತಿದಾಳೆ. ಮಾವ ಹೋಗಿ ಮೂರು ವರ್ಷ, ನಮ್ಮೆಜಮಾನ್ರು ಖಾತೆ ಮಾಡಿಸ್ತಿದಾರೆ. ಪತ್ರ ಆಗಲೇ ಟೈಪ್ ಆಗಿದೆ. ನಾನು ಒಬ್ಬಟ್ಟು ಮಾಡ್ಬೇಕು, ಮಡಿಲು ತುಂಬಬೇಕು. ಸೀರೆ ತಂದಿಟ್ಟಿದಾರೆ, ಬೀರುವಿನಲ್ಲಿದೆ.

ಭಾನುವಾರ ಇಲ್ಲಿ ಬರೆಯೋವಾಗಲೂ ನನಗೆ ಅದು ಗೊತ್ತಿತ್ತು. ನನ್ನ ಸಹಿ ಬಗ್ಗೆ ಮಾತ್ರ ಬರೆದೆ. ಚಾವಡಿ ಕಟ್ಟೆಯವರು ವಂಶವೃಕ್ಷದ ವಿಷಯ ಬರೆದಮೇಲೆ ಫೈಲ್ ತೆಗೆದು ನೋಡಿದೆ. ಪುಣ್ಯಕ್ಕೆ ಅವಳ ಹೆಸರಿದೆ. ರಾತ್ರಿ ಇವರಿಗೆ, 'ಅವಳ ಪಾಲು ಅವಳ ಹೆಸರಿಗೇ ಇರಲಿ' ಅಂದೆ. 'ನಿನ್ನ ಅಣ್ಣನಿಗೆ ಹೇಳಕ್ಕಾಗದ್ದನ್ನ ನನಗೆ ಹೇಳ್ತೀಯಾ?' ಅಂದ್ರು. ಸರಿಯಾಗೇ ಹೇಳಿದ್ರು. ಬಾಯಿ ಕಟ್ಟಿಹೋಯ್ತು. ಆಗಿನಿಂದ ಮಾತಿಲ್ಲ.

ಇವತ್ತು ಸಂಜೆ ಶಾಲೆಯಿಂದಲೇ ನಾದಿನಿಗೆ ಫೋನ್ ಮಾಡಿದೆ. 'ಅತ್ತಿಗೆ, ನಂಗೇನೂ ಬೇಡ, ಅಣ್ಣ ಬೇಜಾರು ಮಾಡ್ಕೋತಾನೆ. ನೀವು ನನ್ನ ಮೇಲೆ ಕೋಪ ಇಟ್ಕೋಬೇಡಿ, ಅಷ್ಟು ಸಾಕು' ಅಂದ್ಲು.

ತಾಲೂಕು ಕೋರ್ಟು · ಮಂಗಳವಾರ ರಾತ್ರಿ 9:48

ಬುಧವಾರದ ತನಕ ಟೈಮ್ ಇದೆ. ಪತ್ರದ ಕರಡು ಪ್ರತಿಯನ್ನ ಇವತ್ತೇ ಅವಳಿಗೆ ವಾಟ್ಸಾಪ್ ಮಾಡಿ. ಆಫೀಸಲ್ಲಿ ಕೂತು ಓದೋದಲ್ಲ, ಅವಳ ಮನೆಯಲ್ಲಿ ಕೂತು ಓದಲಿ. ಸರ್ವೆ ನಂಬರ್, ವಿಸ್ತೀರ್ಣ, ಚೆಕ್ಕುಬಂದಿ, ತನ್ನ ಪಾಲಿಗೆ ಎಷ್ಟು ಬರುತ್ತೆ, ಈಗ ಆ ಜಾಗದ ಬೆಲೆ ಎಷ್ಟು, ಎಲ್ಲ ಒಂದು ಚೀಟಿಯಲ್ಲಿ ಬರೆದು ಕಳಿಸಿ. ಕೊಡೋದೇ ಆದ್ರೂ ಏನು ಕೊಡ್ತಿದೀನಿ ಅಂತ ಗೊತ್ತಿದ್ದು ಕೊಡಲಿ. ಖುಲಾಸೆ ಪತ್ರದ ಬದಲು ವಿಭಾಗ ಪತ್ರ ಮಾಡಿ ಅವಳ ಹೆಸರಿಗೆ ಹತ್ತು ಗುಂಟೆಯಾದರೂ ಉಳಿಸ್ಕೊಂಡ ಮನೆಗಳನ್ನೂ ನೋಡಿದೀನಿ.

ಮತ್ತೆ, ಅವಳನ್ನ ಕೇಳಿದಾಗ ನೀವು 'ಹೂಂ' ಅನ್ಬೇಡಿ.

ನಾಲೆ ಏರಿ · ಮಂಗಳವಾರ ರಾತ್ರಿ 11:30

ಕಳಿಸಿದೆ. ನೀಲಿ ಗೆರೆ ಬಂದಿದೆ. ಉತ್ತರ ಬಂದಿಲ್ಲ.